ಬೆಲ್ಟು ಜಾರಿದರೆ ಕೂಲಿಯವನ ತಪ್ಪೇ?

ಗಿರಣಿಯಲ್ಲಿ ಬೆಲ್ಟು ಜಾರಿದಾಗಲೆಲ್ಲ ಮಾಲೀಕ ಮಹಾಶಯರ ಬೈಗುಳ ಕೂಲಿಯವನ ಮೇಲೆ. ನಾವು ಇದನ್ನು ಒಪ್ಪುವುದಿಲ್ಲ. ಮೋಟಾರಿನ ಶಕ್ತಿಯನ್ನು ಯಂತ್ರಕ್ಕೆ ಮುಟ್ಟಿಸುವುದೇ ಬೆಲ್ಟಿಗೂ ಪುಲ್ಲಿಗೂ ನಡುವಿನ ತಿಕ್ಕಾಟ. ಬೆಲ್ಟು ಸಡಿಲವಾಯಿತೋ, ಜಾರಿ ಕಾಯುತ್ತದೆ. ಕರೆಂಟು ಉರಿಯುತ್ತದೆ, ಕೆಲಸ ಸಾಗುವುದಿಲ್ಲ. ಅತಿಯಾಗಿ ಬಿಗಿದರೆ ಬೇರಿಂಗು ಸವೆಯುತ್ತದೆ. ಎರಡು ಪುಲ್ಲಿ ಒಂದೇ ಗೆರೆಯಲ್ಲಿ ಇಲ್ಲದಿದ್ದರೆ ಬೆಲ್ಟು ಅಂಚಿಗೆ ಸರಿದು ಯಂತ್ರವೆಲ್ಲ ಗಡಗಡ ನಡುಗುತ್ತದೆ. ಸರಿಮಾಡಲು ಬೇಕಾದ್ದು ಗೆರೆ ನೋಡಲು ಒಂದು ದಾರ, ಒಂದು ಸ್ಪಾನರು, ಅರ್ಧ ದಿನ ಯಂತ್ರಕ್ಕೆ ರಜಾ. ಆ ಅರ್ಧ ದಿನ ಮಾತ್ರ ಮಾಲೀಕರಿಗೆ ಸಿಗುವುದಿಲ್ಲ! ಬದಲಿಗೆ, ಓಡುವ ಬೆಲ್ಟಿಗೇ ರಾಳ ಹಾಕು ಎಂಬ ಅಪ್ಪಣೆ. ಬೆಲ್ಟು ಪುಲ್ಲಿಯನ್ನು ಸೇರುವ ಸಂದಿಯಲ್ಲಿ ಅಂಗಿಯ ತೋಳು ಸಿಕ್ಕಿದರೆ ಕೈ ಹೋಯಿತೆಂದೇ ಲೆಕ್ಕ.

1948ರ ಕಾರ್ಖಾನೆ ಕಾಯಿದೆಯ 21ನೆಯ ಕಲಮು ಇಂಥ ಓಡುವ ಭಾಗಗಳಿಗೆ ಭದ್ರವಾದ ತಡೆ ಕಟ್ಟಬೇಕೆಂದಿತು. ವಿದ್ಯುತ್ತಿನಿಂದ ನಡೆಯುವ 10 ಆಳಿನ ಗಿರಣಿಯೂ ಅದರೊಳಗಿತ್ತು. 2020ರ ಸುರಕ್ಷತಾ ಸಂಹಿತೆಯಾದರೋ, ಕಾರ್ಖಾನೆ ಎನ್ನಿಸಿಕೊಳ್ಳಲು 20 ಆಳು ಬೇಕೆಂದಿತು. ಅಜ್ಜಂಪುರ, ತರೀಕೆರೆ, ಕಡೂರಿನ ಎಷ್ಟು ಗಿರಣಿಗಳಲ್ಲಿ 20 ಆಳು ಇದ್ದಾರು? ಆಳು ಕಡಿಮೆಯಾದರೆ ಬೆಲ್ಟು ಮೆಲ್ಲಗೆ ಓಡುತ್ತದೆಯೇ?

ವ್ಯಾಪಾರಿ ಬಂಧುಗಳೇ, ಜಾರುವ ಬೆಲ್ಟು ತಿಂದ ಕರೆಂಟು ನೀವು ಕೊಡುವ ಗಿರಣಿ ಕೂಲಿಯಲ್ಲೇ ಸೇರಿದೆ. ಮುಂದಿನ ಸಲ ಮೂಟೆ ಇಳಿಸುವ ಮುನ್ನ, ಬೆಲ್ಟಿಗೆ ಜಾಲರಿ ಎಲ್ಲಿ ಎಂದು ಕೇಳಿ.