ಗುಂಡಿಯ ಮೇಲಿನ ಸೊಪ್ಪು

ಬೇಸಗೆಯ ರಜೆಯಲ್ಲಿ ಮೈಸೂರಿನ ಅಕ್ಕನ ಮನೆಗೆ ಹೋಗಿ ಎಂಟು ದಿನ ಠಾಣ್ಯ ಹೂಡುವುದು ನನ್ನ ಬಹುಕಾಲದ ಹಕ್ಕು. ಹೋದವನಿಗೆ ಊಟದ ಮೇಜಿನ ಒಂದು ಮೂಲೆಯಾದರೂ ದೊರೆಯುವುದು ವಾಡಿಕೆ. ಈ ಸಲ ಅದೂ ದೊರೆಯಲಿಲ್ಲ. ಮೇಜಿನ ತುಂಬ ಚೌಕಳಿಯ ಗೆರೆ ಎಳೆದ ಕಾಗದ. ಅದರ ಮೇಲೆ ಸೀಸೆಯ ಮುಚ್ಚಳಗಳು, ಹುಣಿಸೆಯ ಬೀಜಗಳು. ನಡುವೆ, ನಾನು ಹುಟ್ಟಿದಂದಿನಿಂದ ಕಾಣದಿದ್ದ, ಇಪ್ಪತ್ತು ಮುಖಗಳ ಒಂದು ದಾಳ. ಮೇಜಿನ ಒಂದು ತುದಿಯಲ್ಲಿ ಹತ್ತನೆಯ ತರಗತಿಯ ನನ್ನ ಸೋದರಳಿಯ ಗಂಭೀರವದನನಾಗಿ ಕುಳಿತಿದ್ದ. ಇನ್ನೊಂದು ತುದಿಯ ಕುರ್ಚಿ ಖಾಲಿ. ಒಳಕೋಣೆಯ ಬಾಗಿಲು ಮುಚ್ಚಿತ್ತು.

“ಪುಟ್ಟಿ ಎಲ್ಲಿ?” ಎಂದೆ.

“ಅವಳ ವೀರ ಸತ್ತುಹೋದ ಮಾವ. ಅದಕ್ಕೇ ಊಟ ಬೇಡವಂತೆ.”

ವಿಷಯ ಇಷ್ಟು. ಈ ಆಟದಲ್ಲಿ ಒಬ್ಬ ಯಜಮಾನನಿರುತ್ತಾನೆ. ಆತ ಕಾಡನ್ನೂ ಗವಿಯನ್ನೂ ಪಾಳುಬಿದ್ದ ಕೋಟೆಯನ್ನೂ ಬಾಯಿಮಾತಿನಲ್ಲಿಯೇ ಕಟ್ಟಿ ನಿಲ್ಲಿಸುತ್ತಾನೆ. ಉಳಿದವರು ತಲೆಗೊಂದು ವೇಷ ತೊಟ್ಟು, ‘ನಾನು ಬಾಗಿಲು ತೆರೆಯುತ್ತೇನೆ’, ‘ನಾನು ಮರವೇರುತ್ತೇನೆ’ ಎಂದು ಹೇಳುತ್ತ ಹೋಗುತ್ತಾರೆ. ಸಂದೇಹವಿದ್ದೆಡೆ ದಾಳ ತೀರ್ಪು ಕೊಡುತ್ತದೆ. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು 1974ರಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಹೆಸರಿನಿಂದ ಇದನ್ನು ಮೊದಲಿಗೆ ಅಚ್ಚು ಹಾಕಿಸಿದರಂತೆ. ನಮ್ಮ ಯಕ್ಷಗಾನದ ಅರ್ಥಗಾರಿಕೆಗೂ ಪಗಡೆಗೂ ಮದುವೆಯಾದರೆ ಹುಟ್ಟಬಹುದಾದ ಕೂಸು ಎಂದು ನಾನು ಅರ್ಥ ಮಾಡಿಕೊಂಡೆ.

ಪುಟ್ಟಿ ಮೂರು ತಿಂಗಳಿಂದ ಒಬ್ಬ ಬೇಡ ವೀರನನ್ನು ಸಾಕಿದ್ದಳು. ಅವನಿಗೊಂದು ಹೆಸರು, ಊರು, ಕಳೆದುಹೋದ ತಮ್ಮ, ಎಲ್ಲವೂ ಇದ್ದುವು. ಆ ದಿನ ಅವನು ಒಂದು ಬಾಗಿಲನ್ನು ತೆರೆದು ಒಳಗೆ ಕಾಲಿಟ್ಟ. ಕಾಲಿಟ್ಟಲ್ಲಿ ಗುಂಡಿ, ಗುಂಡಿಯೊಳಗೆ ವಿಷ ಸವರಿದ ಈಟಿಗಳು. ದಾಳ ಉರುಳಿತು, ವೀರ ಮುಗಿದ.

ಅಕ್ಕ ಅಡುಗೆಮನೆಯಿಂದಲೇ, “ಕಾಲೇಜಿನಲ್ಲಿ ಪಾಠ ಹೇಳುತ್ತೀಯಲ್ಲ, ಇವರ ನ್ಯಾಯ ತೀರಿಸು” ಎಂದಳು. ಅಳಿಯನ ವಾದ ಸರಳವಾಗಿತ್ತು: “ಗುಂಡಿ ಅಂದಮೇಲೆ ಕಾಣಬಾರದು. ಕಂಡರೆ ಅದು ಗುಂಡಿ ಹೇಗಾದೀತು ಮಾವ?” ಕನ್ನಡ ಎಂ.ಎ. ಪದವಿ ಇದಕ್ಕೆ ಉತ್ತರ ಒದಗಿಸಲಿಲ್ಲ.

ಆ ವಾರವೇ ಎನ್. ಬೇಗೂರಿಗೆ ಹೋಗುವ ಪ್ರಸಂಗ ಬಂದಿತು. ಹೆಗ್ಗಡದೇವನಕೋಟೆಯ ಸೀಮೆಯಲ್ಲಿ, ಬಂಡೀಪುರದ ಕಾಡಿನ ಅಂಚಿಗೆ ಅಂಟಿಕೊಂಡ ಊರು ಅದು. ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮನೆ ಅಲ್ಲಿದೆ. ಮುನಿಸಿಕೊಂಡ ಮಕ್ಕಳಿಬ್ಬರನ್ನೂ ಕರೆದುಕೊಂಡು ಹೊರಟೆ. ಬಸ್ಸಿನಲ್ಲಿ ಒಬ್ಬರು ಈ ಕಿಟಕಿ, ಒಬ್ಬರು ಆ ಕಿಟಕಿ.

ಶಿಷ್ಯನ ಮನೆಯ ಜಗಲಿಗೆ ಸಂಜೆ ಹಾಡಿಯ ಜೇನುಕುರುಬರ ಹಿರಿಯರೊಬ್ಬರು ಬಂದು ಕುಳಿತರು. ಕಾಕನಕೋಟೆಯ ಕಡೆಯ ಖೆಡ್ಡಾ ನಡೆದ 1971ರಲ್ಲಿ ಅವರು ಇನ್ನೂ ಹುಡುಗ. ತಂದೆಯ ಬೆನ್ನಿಗೆ ಹೋಗಿ ದೂರದಿಂದ ನೋಡಿದವರು. ಅಳಿಯ ಸಂಕೋಚವಿಲ್ಲದೆ ತನ್ನ ಪ್ರಶ್ನೆಯನ್ನು ಅವರ ಮುಂದಿಟ್ಟ. ಹಿರಿಯರು ನಕ್ಕರು.

“ಗುಂಡಿ ಯಾರು ಬೇಕಾದ್ರೂ ತೆಗೀತಾರೆ ಮಗಾ. ತೆಗೆದ ಮಣ್ಣ ಎಲ್ಲಿ ಹಾಕ್ತೀಯ, ಅದ ಹೇಳು.”

ಅಳಿಯ ತಬ್ಬಿಬ್ಬಾದ. ಅವನ ಕಾಗದದ ಗುಂಡಿಗೆ ಮಣ್ಣೇ ಇರಲಿಲ್ಲ.

“ಹಸಿ ಮಣ್ಣಿನ ವಾಸನೆ ಆನೆಗೆ ಗೊತ್ತಾಗ್ತದೆ. ಮೇಲೆ ಹಾಸಿದ ಸೊಪ್ಪು ಮೂರು ದಿನಕ್ಕೆ ಬಾಡ್ತದೆ. ಸುತ್ತ ಎಲ್ಲಾ ಹಸುರು, ಅಲ್ಲೊಂದ್ಕಡೆ ಮಾತ್ರ ಕಂದು. ನೋಡೋರ್ಗೆ ಕಾಣ್ತದೆ. ನೋಡದೋರು ಬೀಳ್ತಾರೆ.”

ಪುಟ್ಟಿ ಅಂದು ಮೊದಲ ಬಾರಿಗೆ ಅಣ್ಣನ ಕಡೆ ತಿರುಗಿ ನೋಡಿದಳು. ಅವಳ ವೀರನಿಗೆ ನೋಡಲು ಏನನ್ನೂ ಇಟ್ಟಿರಲಿಲ್ಲವಲ್ಲ!

ಆನೆ ಹಿಡಿಯುವ ವಿದ್ಯೆಯ ಕಥೆಯಲ್ಲಿ ಈ ಗುಂಡಿಯ ಅಧ್ಯಾಯ ಹಳೆಯದು, ಕ್ರೂರವೂ ಹೌದು. ಆನೆಗಳು ನಡೆಯುವ ದಾರಿಯಲ್ಲಿ ಹಳ್ಳ ತೋಡಿ, ಮೇಲೆ ಬಿದಿರು ಸೊಪ್ಪು ಹೊದಿಸುತ್ತಿದ್ದರು. ಅಷ್ಟು ತೂಕದ ಪ್ರಾಣಿ ಬಿದ್ದರೆ ಕಾಲು ಮುರಿಯದೆ ಉಳಿಯುವುದೇ ಅಪರೂಪ. ಮೈಸೂರು ಸರ್ಕಾರದ ಸೇವೆಯಲ್ಲಿದ್ದ ಜಿ. ಪಿ. ಸ್ಯಾಂಡರ್ಸನ್ ಎಂಬ ಆಂಗ್ಲ ಅಧಿಕಾರಿ ಇದನ್ನು ಒಪ್ಪದೆ ಖೆಡ್ಡಾ ಕ್ರಮವನ್ನು ಇಲ್ಲಿಗೆ ತಂದ. 1874ರಲ್ಲಿ ಚಾಮರಾಜನಗರದ ಸೀಮೆಯಲ್ಲಿ ಅವನ ಮೊದಲ ಖೆಡ್ಡಾ ಫಲಿಸಿತು. ಅವನು 1878ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಒಂದು ಸ್ವಾರಸ್ಯದ ಸಂಗತಿಯಿದೆ. ಅವನಿಗಿಂತ ನೂರು ವರ್ಷ ಮೊದಲು ಹೈದರಾಲಿ ಕಾಕನಕೋಟೆಯ ಕಾಡಿನಲ್ಲಿ ಆನೆಯ ಹಿಂಡನ್ನು ಹಿಡಿಯಲು ಯತ್ನಿಸಿ ಸೋತನಂತೆ. ಸೋತು ಸುಮ್ಮನಾಗದೆ, ಇದು ಯಾರಿಂದಲೂ ಆಗದ ಕೆಲಸ, ಮುಂದೆ ಯತ್ನಿಸಿದವನಿಗೆ ನನ್ನ ಶಾಪ ಎಂದು ಕಲ್ಲಿನ ಮೇಲೆ ಕೆತ್ತಿಸಿ ನಿಲ್ಲಿಸಿದನಂತೆ. ಪರೀಕ್ಷೆಯಲ್ಲಿ ನಪಾಸಾದವನು ಪ್ರಶ್ನಪತ್ರಿಕೆಯ ಮೇಲೆಯೇ ಶಾಪ ಬರೆದಂತಾಯಿತು. ನನಗೆ ಇಂಥ ಉತ್ತರಪತ್ರಿಕೆಗಳ ಪರಿಚಯವಿದೆ.

ಶಾಪವಿದ್ದ ಆ ಕಾಕನಕೋಟೆಯೇ ಕಾಲಕ್ರಮದಲ್ಲಿ ಖೆಡ್ಡಾಕ್ಕೆ ಜಗತ್ಪ್ರಸಿದ್ಧವಾಯಿತು. ವೈಸರಾಯರುಗಳು ಬಂದು ಮಂಚಿಕೆಯ ಮೇಲೆ ಕುಳಿತು ನೋಡಿದರು. ಇದೇ ಸೀಮೆಯ ಕಾರಾಪುರದಲ್ಲಿ 1924ರಲ್ಲಿ ಹುಟ್ಟಿದ ಮಾವುತನ ಮಗ ಸಾಬು, 1937ರ ‘ಎಲಿಫೆಂಟ್ ಬಾಯ್’ ಚಿತ್ರದಿಂದ ಹಾಲಿವುಡ್ಡಿನವರೆಗೆ ಹೋದ.

ಖೆಡ್ಡಾದಲ್ಲಿ ಗುಂಡಿಗಿಂತ ನೆಲವೇ ದೊಡ್ಡದು. ಕಬಿನಿಯ ಹರಿವು, ಕಡಿದಾದ ದಡ, ನಡುವೆ ಒಂದೇ ಕಡೆ ಇಳಿಜಾರು, ಇವೆಲ್ಲ ಮೊದಲೇ ಅಲ್ಲಿದ್ದುವು. ಮನುಷ್ಯ ಮಾಡಿದ್ದು ಉಳಿದ ದಾರಿಗಳನ್ನು ಮುಚ್ಚುವ ಕೆಲಸ. ನೂರಾರು ಜನ ಕಾಡನ್ನು ಬಳಸಿ ನಿಂತು ಹಗಲು ತಮಟೆ ಬಡಿದರು, ರಾತ್ರಿ ಬೆಂಕಿ ಹಾಕಿದರು. ಹಿಂಡು ಸದ್ದಿಲ್ಲದ ಕಡೆಗೆ ಸರಿಯಿತು. ಸದ್ದಿಲ್ಲದ ಕಡೆ ಹೊಳೆ ಇತ್ತು. ಹೊಳೆ ದಾಟಿದರೆ ಆಚೆಯ ದಡದಲ್ಲಿ ಏರಲು ಸುಲಭವಾದ ಒಂದೇ ಜಾಗ. ಅಲ್ಲಿಂದ ಮುಂದೆ ಎರಡು ಬದಿಗೂ ದಿಮ್ಮಿಗಳ ಬೇಲಿ, ಹೋದಂತೆಲ್ಲ ಕಿರಿದಾಗುವ ದಾರಿ. ಹಿಂದಿನಿಂದ ಪಳಗಿದ ಆನೆಗಳು. ಕೊನೆಯಲ್ಲಿ ಹಗ್ಗಕ್ಕೆ ತೂಗುಬಿಟ್ಟ ಬಾಗಿಲು. ಮೇಲೆ ಕುಳಿತವನು ಹಗ್ಗ ಕಡಿದರೆ ಮುಗಿಯಿತು.

“ಒಂದು ಹೆಜ್ಜೇನೂ ನಾವು ಇಡಿಸ್ಲಿಲ್ಲ ಮೇಷ್ಟ್ರೇ” ಎಂದರು ಹಿರಿಯರು. “ಎಲ್ಲಾ ಆನೇನೇ ಇಟ್ಕೊಂಡ್ ಹೋಯ್ತು.”

ಈ ಮಾತನ್ನು ಅಳಿಯ ಪುಸ್ತಕದಲ್ಲಿ ಬರೆದುಕೊಂಡ. ನನಗೂ ಇದು ಸರಿಯೆನಿಸಿತು. ಕೋಣೆಗೊಂದು ಯಂತ್ರ, ಯಂತ್ರಕ್ಕೊಂದು ಮಂತ್ರ ಇಟ್ಟು ಆಟ ಕಟ್ಟುವವನಿಗಿಂತ, ಒಂದು ಕೆಸರುಗದ್ದೆ, ಒಂದು ಇಕ್ಕಟ್ಟಾದ ಸೇತುವೆ, ಗಾಳಿಯ ದಿಕ್ಕಿಗೆ ಹೊಗೆ ಇಟ್ಟು ಕಟ್ಟುವವನು ಜಾಣ. ಹಾಗೆ ಕಟ್ಟಿದಲ್ಲಿ ಗುಂಡಿ ಇಬ್ಬರ ಸೊತ್ತೂ ಆಗುತ್ತದೆ: ಕಂಡುಹಿಡಿದ ವೀರ ಅದೇ ಗುಂಡಿಗೆ ರಾಕ್ಷಸನನ್ನು ಕೆಡವಬಹುದು. ಚಿತ್ರದುರ್ಗದ ಕೋಟೆ ಕಟ್ಟಿದವರು ಇದನ್ನು ಬಲ್ಲರು. ಅಲ್ಲಿಯ ಬಾಗಿಲ ದಾರಿ ನೆಟ್ಟಗೆ ಹೋಗದೆ ಮಗ್ಗುಲು ಮಗ್ಗುಲಿಗೆ ಹೊರಳುತ್ತದೆ. ಬಾಗಿಲು ಮುರಿಯಲು ಬಂದ ಆನೆಗೆ ಓಡಿ ಬಂದು ಗುದ್ದುವಷ್ಟು ಜಾಗವೇ ಇಲ್ಲ. ಕೌಟಿಲ್ಯನೂ ಕೋಟೆಯ ಹೊರಗೆ ಮರೆಮಾಡಿದ ಗುಂಡಿ, ಮುಳ್ಳಿನ ಸಾಲು ಇರಬೇಕೆನ್ನುತ್ತಾನೆ. ಅವನ ಅರ್ಥಶಾಸ್ತ್ರದ ಓಲೆಯ ಪ್ರತಿಯನ್ನು ಮೈಸೂರಿನಲ್ಲಿಯೇ ಆರ್. ಶಾಮಶಾಸ್ತ್ರಿಗಳು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದರೆಂಬುದನ್ನು ಮಕ್ಕಳಿಗೆ ಹೇಳಹೋದೆ. ಅವರು ಕೇಳಿಸಿಕೊಳ್ಳಲಿಲ್ಲ.

ಕೇಳಿಸಿಕೊಳ್ಳದಿದ್ದುದಕ್ಕೆ ಕಾರಣವಿತ್ತು. ಜಗಲಿಯ ಕಲ್ಲುಚಪ್ಪಡಿಯ ಮೇಲೆ ಯಾರೋ ಎಂದೋ ಕೊರೆದ ಆಡುಹುಲಿಯ ಮನೆಯನ್ನು ಪುಟ್ಟಿ ಕಂಡುಹಿಡಿದಿದ್ದಳು. ತ್ರಿಕೋನ, ಅದನ್ನು ಹಾಯುವ ಗೆರೆಗಳು, ಗೆರೆ ಕೂಡುವ ಇಪ್ಪತ್ತಮೂರು ಮನೆಗಳು. ಹುಲಿ ಮೂರು, ಆಡು ಹದಿನೈದು. ಹುಲಿ ಪಕ್ಕದ ಆಡನ್ನು ಹಾರಿ ತಿನ್ನುತ್ತದೆ. ಹಾರಿದಾಚೆಯ ಮನೆ ಖಾಲಿಯಿರಬೇಕು. ಆಡಿಗೆ ಕೊಲ್ಲುವ ಶಕ್ತಿಯಿಲ್ಲ. ಅದು ಮಾಡಬಲ್ಲುದು ಒಂದೇ: ನಿಲ್ಲುವುದು. ನಿಂತು ನಿಂತು ಹುಲಿಗೆ ಕದಲಲು ಎಡೆಯಿಲ್ಲದಂತೆ ಮಾಡಿದರೆ ಗೆಲುವು. ಖೆಡ್ಡಾವನ್ನು ಹದಿನೈದು ಹುಣಿಸೆ ಬೀಜಗಳಲ್ಲಿ ಕಲಿಸುವ ಪಾಠಶಾಲೆ ಇದು. ಮುಮ್ಮಡಿ ಕೃಷ್ಣರಾಜ ಒಡೆಯರಂಥ ದೊರೆ ಮಣೆಯಾಟಗಳನ್ನು ತಾವೇ ರಚಿಸಿ ‘ಶ್ರೀತತ್ತ್ವನಿಧಿ’ಯ ಒಂದು ನಿಧಿಯನ್ನೇ ಆಟಗಳಿಗೆ ಮೀಸಲಿಟ್ಟದ್ದು ಸುಮ್ಮನೆ ಅಲ್ಲ.

ಅಣ್ಣ ಹುಲಿಯಾದ, ತಂಗಿ ಆಡಾದಳು. ನಾಲ್ಕು ಆಡು ಹೋದಮೇಲೆ ಹಿರಿಯರು ಬಾಗಿ, “ಬೆನ್ನಿಗೊಬ್ಬರ ನಿಲ್ಸು ತಾಯಿ” ಎಂದರು. ಅಷ್ಟೇ. ಬೆನ್ನಿಗೆ ಆಡಿರುವ ಆಡನ್ನು ಹುಲಿ ಹಾರಲಾರದು. ಎರಡನೆಯ ಆಟದಲ್ಲಿ ಮೂರೂ ಹುಲಿ ಮೂಲೆಯಲ್ಲಿ ನಿಂತುವು. ಅಳಿಯ ಬಹಳ ಹೊತ್ತು ಮಣೆಯನ್ನು ನೋಡಿದ. ಸೋತದ್ದಕ್ಕೆ ಅವನಿಗೆ ಸಿಟ್ಟು ಬಂದಂತೆ ಕಾಣಲಿಲ್ಲ. ಯಾವ ಮನೆಯಲ್ಲಿ ತಪ್ಪಿದೆ ಎಂಬುದು ಕಣ್ಣೆದುರಿಗೇ ಇತ್ತಲ್ಲ.

ಮಾರನೆಯ ಬೆಳಗ್ಗೆ ಹಿತ್ತಲಿನಿಂದ ಒಂದು ನಾಯಿ ಬಂದಿತು. ಮೂರು ಕಾಲಿನಲ್ಲಿ ಕುಂಟುತ್ತ, ಬಾಲ ಅಲ್ಲಾಡಿಸುತ್ತ. ಪುಟ್ಟಿ, “ಇದಕ್ಕೇನಾಯ್ತು?” ಎಂದಳು. ಶಿಷ್ಯ ಸ್ವಲ್ಪ ತಡೆದು, “ಉರುಳಿಗೆ ಸಿಕ್ಕಿತ್ತು” ಎಂದ. ಮೋಟಾರುಬೈಕಿನ ಬ್ರೇಕಿನ ತಂತಿಯನ್ನು ಕುಣಿಕೆ ಮಾಡಿ ಬೇಲಿಯ ಸಂದಿಗೆ ಕಟ್ಟುತ್ತಾರೆ, ಕಾಡುಹಂದಿಗೆಂದು. ಒಂದೇ ರಾತ್ರಿಯಲ್ಲಿ ಜೋಳದ ಹೊಲವನ್ನು ಹಂದಿ ಉತ್ತುಬಿಡುತ್ತದೆ. ಕಟ್ಟಿದವನು ದುಷ್ಟನೆಂದು ನಾನು ಹೇಳಲಾರೆ. ಆದರೆ ತಂತಿಗೆ ಹಂದಿಯೂ ಒಂದೇ, ಚಿರತೆಯೂ ಒಂದೇ, ಹುಲಿಯೂ ಒಂದೇ. ಕಾಡಂಚಿನ ಊರುಗಳಲ್ಲಿ ಇವು ಮೂರೂ ಸಿಕ್ಕಿ ಸತ್ತದ್ದುಂಟು. ಇಲ್ಲಿ ಮನೆಯ ನಾಯಿ ಸಿಕ್ಕಿತ್ತು. ಬಾಡುವ ಸೊಪ್ಪಿಲ್ಲ, ಹಸಿ ಮಣ್ಣಿಲ್ಲ.

ಅಳಿಯ ನಾಯಿಯ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಅದರ ತಲೆ ಸವರುತ್ತಿದ್ದ. ಬಹಳ ಹೊತ್ತು ಏಳಲಿಲ್ಲ.

ಹಿಂದಿರುಗುವಾಗ ಹಿನ್ನೀರನ್ನು ನೋಡಲು ಇಳಿದೆವು. ಖೆಡ್ಡಾದ ನದೀತೀರ ಇಂದು ನೀರಿನಡಿಯಲ್ಲಿದೆ. ಕಬಿನಿಯ ಅಣೆಕಟ್ಟು ಮುಗಿದದ್ದು 1974ರಲ್ಲಿ. ಅಳಿಯನ ಆಟ ಅಮೆರಿಕದಲ್ಲಿ ಅಂಗಡಿಗೆ ಬಂದ ವರ್ಷವೇ. ದೂರದ ದಡದಲ್ಲಿ ಆನೆಗಳ ಒಂದು ಹಿಂಡು ಹುಲ್ಲು ಮೇಯುತ್ತಿತ್ತು. ಈಗ ಅವನ್ನು ಯಾರೂ ಒಳಗೆ ಅಟ್ಟುವುದಿಲ್ಲ. ಹೊಲಕ್ಕೆ ಬಾರದಂತೆ ಹೊರಗಿಡಲು ಕಂದಕ ತೋಡುತ್ತಾರೆ. ಅವು ಅಂಚಿನ ಮಣ್ಣನ್ನು ಕಾಲಿನಿಂದ ಕೆಡವಿ, ಇಳಿಜಾರು ಮಾಡಿಕೊಂಡು ದಾಟುತ್ತವೆ. ನೆಲದ ವಿದ್ಯೆಯನ್ನು ಅವೂ ಕಲಿತಿವೆ.

ಮೈಸೂರಿಗೆ ಬಂದ ರಾತ್ರಿ ಮೇಜಿನ ಮೇಲೆ ಮತ್ತೆ ಕಾಗದ ಹರಡಿತು. ಸತ್ತ ಬೇಡನನ್ನು ಬದುಕಿಸಿಕೊಡುತ್ತೇನೆಂದು ಅಣ್ಣ ತಾನಾಗಿ ಹೇಳಿದ. ತಂಗಿ ಬೇಡವೆಂದಳು. “ಅವನು ಸತ್ತಾಯಿತು. ಈಗ ನಾನು ಅವನ ತಮ್ಮ. ಅಣ್ಣನನ್ನು ಹುಡುಕಿಕೊಂಡು ಬಂದಿದ್ದೇನೆ” ಎಂದಳು. ಅಕ್ಕ ಸೌಟು ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

ಅಣ್ಣ ಕಾಡನ್ನು ಕಟ್ಟಿದ. ದಾರಿಯ ಎಡಕ್ಕೆ ಬಂಡೆ, ಬಲಕ್ಕೆ ಹೊಳೆ, ಮುಂದೆ ತೆರೆದ ಬಾಗಿಲು. ಮೊದಲಾದರೆ ತಂಗಿ ನುಗ್ಗುತ್ತಿದ್ದಳು.

“ಬಾಗಿಲ ಮುಂದೆ ನೆಲದ ಮೇಲೆ ಸೊಪ್ಪಿದೆಯೇ?”

“ಇದೆ.”

“ಹಸುರಾಗಿದೆಯೋ, ಬಾಡಿದೆಯೋ?”

ದಾಳವನ್ನು ಕೈಯಲ್ಲಿ ಹಿಡಿದಿದ್ದವನು ಅದನ್ನು ಮೆಲ್ಲಗೆ ಮೇಜಿನ ಮೇಲಿಟ್ಟು, ಸ್ವಲ್ಪ ಯೋಚಿಸಿ, “ಬಾಡಿದೆ” ಎಂದ.