ಬುಗ್ಗೆಯ ಮೂಲ

ಬೇಸಿಗೆಯಲ್ಲಿ ಹಂಪೆಯ ಬಂಡೆಗಳು ಕಾದ ಹೆಂಚಿನಂತಾಗುತ್ತವೆ. ಆದರೆ ಆ ಕಾವು ಬಿಸಿಲಿನದು. ಒಳಗಿನ ಗ್ರಾನೈಟ್ ಶಿಲೆ ಸುಮಾರು 250 ಕೋಟಿ ವರ್ಷಗಳಷ್ಟು ಹಳೆಯದು, ಎಂದೋ ಆರಿದುದು. ಚಿಮ್ಮುವ ಬಿಸಿನೀರ ಬುಗ್ಗೆಗೆ ಆಳದ ಕಾವು, ಇಂಗಿದ ಮಳೆನೀರು, ಇಕ್ಕಟ್ಟಾದ ಬಿರುಕು ಮೂರೂ ಬೇಕು. ಮೇಲಿನ ನೀರಿನ ಒತ್ತಡದಿಂದ ತಳದ ನೀರು ನೂರು ಡಿಗ್ರಿ ದಾಟಿಯೂ ಕುದಿಯದು. ಒತ್ತಡ ಸಡಿಲಿದೊಡನೆ ಆವಿಯಾಗಿ ಮೇಲಿನ ನೀರನ್ನೆಲ್ಲ ಎತ್ತಿ ಎಸೆಯುತ್ತದೆ.

ನ್ಯೂಜಿಲೆಂಡಿನ ರೋಟೊರುವಾದಲ್ಲಿ ಕೊಳವೆ ಬಾವಿಗಳಿಂದ ಇಂತಹ ಬುಗ್ಗೆಗಳು ಸೊರಗಿದಾಗ, 1987ರ ಹೊತ್ತಿಗೆ ಸರ್ಕಾರ ಸಮೀಪದ ಬಾವಿಗಳನ್ನು ಮುಚ್ಚಿಸಿತು, ಬುಗ್ಗೆಗಳು ಚೇತರಿಸಿಕೊಂಡವು.

ಸಂಡೂರಿನ ಹರಿಶಂಕರ ತೀರ್ಥ ತಣ್ಣೀರಿನದು. ಅದಕ್ಕೂ ಮಳೆಯೇ ಮೂಲ, ಬೆಟ್ಟವೇ ಹಗೇವು. ಬಾವಿಯನ್ನಾದರೆ ಮುಚ್ಚಬಹುದು; ಅದಿರಿಗಾಗಿ ಕಡಿದ ಬೆಟ್ಟವನ್ನು ಯಾರು ಕಟ್ಟಿಯಾರು? ಗಣಿಗೆ ಗಡಿ ಹಾಕುವವರು ಬುಗ್ಗೆಗೆ ನೀರುಣಿಸುವ ಇಳಿಜಾರನ್ನು ಮೊದಲು ಗುರುತಿಸಿ, ಅದನ್ನು ಗಡಿಯಾಚೆಗೆ ಉಳಿಸಬೇಕು.