ಭುಜದ ಶಸ್ತ್ರಚಿಕಿತ್ಸೆಯೂ ನಡುರಾತ್ರಿಯ ಓಟವೂ

ತಾಳಗುಪ್ಪದಿಂದ ಸಾಗರದ ಆಸ್ಪತ್ರೆಗೆ ಸುಮಾರು 15 ಕಿಲೋಮೀಟರ್. ಅಲ್ಲಿಂದ ಶಿವಮೊಗ್ಗಕ್ಕೆ 70ರ ಮೇಲೆ. ಹಗಲಾದರೆ ಬಸ್ಸುಂಟು, ರೈಲುಂಟು. ರಾತ್ರಿ ಎರಡು ಗಂಟೆಗೆ 108ರ ಗಾಡಿ ಸಿಗದಿದ್ದರೆ ಬಾಡಿಗೆ ಕಾರೇ ಗತಿ. ಭುಜಕ್ಕೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಮನೆ ಸೇರಿದವನು ಅದೇ ರಾತ್ರಿ ಮತ್ತೆ ಇದೇ ದಾರಿ ಹಿಡಿಯಬೇಕಾದರೆ ಅದರ ಖರ್ಚು ಯಾರದು, ಹೊಣೆ ಯಾರದು?

ಅಕ್ಕಿ ಗಿರಣಿಯಲ್ಲಿ ಚೀಲ ಹೊರುವ ಹಮಾಲಿಗೆ, ಅಡಿಕೆ ಮರವೇರುವ ಕೊನೆಗೌಡನಿಗೆ, ದಿನಾ ಸಾಮಾನು ಎತ್ತಿ ಇಳಿಸುವ ಅಂಗಡಿಯವನಿಗೆ ಭುಜವೇ ಬಂಡವಾಳ. ದುಡಿದು ಸವೆದ ಸ್ನಾಯು ಹರಿಯುತ್ತದೆ. ಮರದಿಂದ ಬಿದ್ದವನ ಮೂಳೆ ಮುರಿಯುತ್ತದೆ. ಹಿಂದೆ ಇಂಥವರು ಎಣ್ಣೆ ತಿಕ್ಕಿಸಿಕೊಂಡು ಸೊಟ್ಟ ಕೈಯಲ್ಲೇ ಬಾಳು ಸಾಗಿಸುತ್ತಿದ್ದರು. ಈಗ ಸಣ್ಣ ತೂತಿನ ಮೂಲಕ ದುರ್ಬೀನು ಇಳಿಸಿ ಸ್ನಾಯು ಹೊಲಿಯುತ್ತಾರೆ. ಒಂದೆರಡು ದಿನದಲ್ಲೇ ಮನೆಗೂ ಕಳಿಸುತ್ತಾರೆ. ಇದು ವಿಜ್ಞಾನದ ಉಪಕಾರ, ಒಪ್ಪುತ್ತೇವೆ. ನಮ್ಮ ತಕರಾರು ಮನೆಗೆ ಕಳಿಸುವ ರೀತಿಯ ಮೇಲೆ.

ಈ ಶಸ್ತ್ರಚಿಕಿತ್ಸೆಗೆ ಮುನ್ನ ಕತ್ತಿನ ಬುಡದಲ್ಲಿ ಸೂಜಿ ಚುಚ್ಚಿ ತೋಳಿನ ನರಗಳನ್ನು ಮರಗಟ್ಟಿಸುವುದು ಸಾಮಾನ್ಯ. ಅದರ ಪ್ರಭಾವ ಅರ್ಧ ದಿನ, ಹೆಚ್ಚೆಂದರೆ ಒಂದು ದಿನ. ಅಷ್ಟು ಹೊತ್ತು ರೋಗಿ ನಗುನಗುತ್ತಾ ಇರುತ್ತಾನೆ. 'ನೋವೇ ಇಲ್ಲ, ಮಾತ್ರೆ ಯಾಕೆ?' ಎಂದು ಚೀಟಿಯನ್ನು ಜೇಬಿಗಿಳಿಸುತ್ತಾನೆ. ಮದ್ದು ಇಳಿಯುವುದು ಬಹುಮಟ್ಟಿಗೆ ರಾತ್ರಿಯಲ್ಲಿ. ಆಗ ಕಟ್ಟೆಯೊಡೆದ ಹಾಗೆ ನೋವು ನುಗ್ಗುತ್ತದೆ. ಹೊಲಿಗೆ ಬಿಚ್ಚಿತೋ, ಕೈಯೇ ಹೋಯಿತೋ ಎಂದು ಮನೆಯವರೆಲ್ಲ ಕಂಗಾಲು. ಅಮೆರಿಕದಲ್ಲಿ ಆಸ್ಪತ್ರೆಯ ದಾಖಲೆಗಳನ್ನು ಪರಿಶೀಲಿಸಿದ ವೈದ್ಯರಿಗೂ ಕಂಡದ್ದು ಇದೇ: ಭುಜದ ಶಸ್ತ್ರಚಿಕಿತ್ಸೆಯಾದ ಮೊದಲ ದಿನಗಳಲ್ಲಿ ತುರ್ತು ವಿಭಾಗಕ್ಕೆ ಓಡಿಬರುವವರ ಕಾರಣಗಳಲ್ಲಿ ನೋವಿಗೇ ಅಗ್ರಸ್ಥಾನ. ಉಳಿದಂತೆ ಪಟ್ಟಿ ಒದ್ದೆಯಾಯಿತು, ವಾಂತಿಯಾಯಿತು, ಮೂತ್ರ ಕಟ್ಟಿತು ಎಂಬಂಥವು.

ಹಾಗೆಂದು ಓಡಲೇಬಾರದೆಂದಲ್ಲ. ಉಸಿರು ಕಟ್ಟಿದರೆ, ಎದೆ ನೋವು ಬಂದರೆ, ಚಳಿಜ್ವರವೇರಿ ಗಾಯ ಕೀವಾದರೆ, ಬೆರಳು ತಣ್ಣಗಾಗಿ ನೀಲಿಗಟ್ಟಿದರೆ, ಕಾಲಿನ ಮೀನಖಂಡ ಊದಿಕೊಂಡರೆ ಒಂದು ಗಳಿಗೆಯೂ ತಡಮಾಡಕೂಡದು. ಯಾವುದಕ್ಕೆ ಓಡಬೇಕು, ಯಾವುದಕ್ಕೆ ಮಾತ್ರೆ ನುಂಗಿ ಬೆಳಗಿನವರೆಗೆ ಕಾಯಬಹುದು ಎಂಬುದನ್ನು ರೋಗಿಗೆ ಹೇಳಿದವರು ಯಾರು? ಬಿಡುಗಡೆಯ ಕಾಗದವೇನೋ ಕೈಗೆ ಬರುತ್ತದೆ, ಇಂಗ್ಲಿಷಿನಲ್ಲಿ. ಊರಿನ ಮೇಷ್ಟರೇ ಅದನ್ನು ಓದಿ ಅರ್ಥ ಹೇಳಲಾರದೆ ಮರಳಿಸುವುದುಂಟು. ಇನ್ನು ಗಿರಣಿಯ ಹಮಾಲಿಯ ಪಾಡೇನು?

ಹೀಗೆ ಓಡಿದವನನ್ನು 'ಹೆದರುಪುಕ್ಕಲ' ಎಂದು ಜರೆಯುವ ದಾದಿಯರೂ ವೈದ್ಯರೂ ಇದ್ದಾರೆ. ಹೇಳದೆ ಕಳಿಸಿ ಆಮೇಲೆ ಜರೆಯುವುದು ಯಾವ ನ್ಯಾಯ? ದುಡ್ಡಿದ್ದವನು ಶಿವಮೊಗ್ಗದಲ್ಲೇ ಕೋಣೆ ಹಿಡಿದು ಎರಡು ರಾತ್ರಿ ಉಳಿಯುತ್ತಾನೆ. ಕೂಲಿಯವನು ಹೊಲಿಗೆ ಹಾಕಿದ ಭುಜ ಹೊತ್ತು, ಆನಂದಪುರ ದಾಟಿ, ಸಾಗರದ ಬಸ್ಸಿನಲ್ಲಿ ಕುಲುಕಿಸಿಕೊಂಡು ಬರುತ್ತಾನೆ.

2018ರಲ್ಲಿ ಬಂದ ಆಯುಷ್ಮಾನ್ ಭಾರತ ಯೋಜನೆಯಲ್ಲಿ, ಬಿಡುಗಡೆಯಾದ ನಂತರದ 15 ದಿನಗಳ ಔಷಧೋಪಚಾರವೂ ಚಿಕಿತ್ಸೆಯ ಮೊತ್ತದೊಳಗೇ ಸೇರಿದೆ. ಇದನ್ನು ಎಷ್ಟು ಮಂದಿಗೆ ತಿಳಿಸಿದ್ದಾರೆ? ರಾತ್ರಿ ಸಿಕ್ಕ ಖಾಸಗಿ ಬಾಗಿಲನ್ನು ತಟ್ಟಿದವನು ಸೂಜಿಗೆ, ಗಾಡಿಗೆ ಸ್ವಂತ ಗಂಟು ಬಿಚ್ಚುತ್ತಾನೆ. ಮರುದಿನದ ಕೂಲಿಯೂ ಹೋಗುತ್ತದೆ, ಅವನದಷ್ಟೇ ಅಲ್ಲ, ಜೊತೆಗೆ ಬಂದ ತಮ್ಮನದೂ.

ನಾವು ಕೇಳುವುದಕ್ಕೆ ಹೊಸ ಕಟ್ಟಡ ಬೇಡ, ಶಂಕುಸ್ಥಾಪನೆಗೆ ಮಂತ್ರಿಗಳೂ ಬೇಡ. ನಾಲ್ಕನೆಯ ತರಗತಿ ಓದಿದವನಿಗೂ ತಿಳಿಯುವ ಕನ್ನಡದಲ್ಲಿ ಒಂದು ಪುಟದ ಚೀಟಿ ಸಾಕು: ಮರಗಟ್ಟಿದ್ದು ಬಿಡುವ ಮೊದಲೇ ಮಾತ್ರೆ ನುಂಗು, ದಿಂಬು ಒರಗಿ ಅರೆಕುಳಿತು ಮಲಗು, ತೋಳಿನ ಪಟ್ಟಿ ಬಿಚ್ಚಬೇಡ, ಬೆರಳಾಡಿಸುತ್ತಿರು, ಇಂಥದ್ದು ಕಂಡರೆ ಓಡಿ ಬಾ. ಮಾತ್ರೆಗಳು ಆಸ್ಪತ್ರೆಯಲ್ಲೇ ಕೈಸೇರಬೇಕು. ರಾತ್ರಿಯೂ ಯಾರಾದರೂ ಎತ್ತುವ ಫೋನು ಸಂಖ್ಯೆ ಆ ಚೀಟಿಯಲ್ಲಿರಬೇಕು. ರೋಗಿಯ ಊರಿನ ಆರೋಗ್ಯ ಕೇಂದ್ರಕ್ಕೂ ಅದರ ಒಂದು ಪ್ರತಿ ಹೋಗಬೇಕು.

ಅಲ್ಲಿಯವರೆಗೆ ನಮ್ಮ ಗಿರಣಿ ಬಂಧುಗಳೂ ಅಂಗಡಿಯವರೂ ಬಸ್ಸು ಹತ್ತುವ ಮುನ್ನ ವೈದ್ಯರನ್ನು ನಿಲ್ಲಿಸಿ ಎರಡು ಮಾತು ಕೇಳಲಿ: ಈ ಮದ್ದು ಎಷ್ಟು ಹೊತ್ತಿಗೆ ಇಳಿಯುತ್ತದೆ? ಇಳಿದಾಗ ಯಾರಿಗೆ ಫೋನು ಮಾಡಲಿ?